ಚಿಕ್ಕನಿಂಗಮ್ಮ ಕೊಟ್ಟ ಮಾತು

ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವವರನ್ನು ಯಾವ ಜನ ಎಂದು ಯಾರೂ ನೇರವಾಗಿ ಕೇಳುವುದಿಲ್ಲ. ಊರು ಯಾವುದು, ಆ ಊರಲ್ಲಿ ಯಾವ ಬೀದಿ, ಮನೆದೇವರು ಯಾವುದು ಎಂದು ಸುತ್ತಿ ಬಳಸಿ ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ ಮನೆಯನ್ನು ನಿನ್ನೆಯಷ್ಟೇ ಬೇರೆಯವರಿಗೆ ಹೇಳಿಬಿಟ್ಟೆವಲ್ಲ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಅಂಥ ಬೇಸರವನ್ನು ಸಾಕಷ್ಟು ಮನೆಗಳ ಬಾಗಿಲಲ್ಲಿ ಕೇಳಿಸಿಕೊಂಡ ಮೇಲೆ ಶಿವಸ್ವಾಮಿಗೆ ಗುರುಪಾದಸ್ವಾಮಿಯವರ ಹಿತ್ತಲ ಮನೆ ಸಿಕ್ಕಿತ್ತು. ಆದ್ದರಿಂದ ಗುರುಪಾದಸ್ವಾಮಿ ಕೆಟ್ಟವರು ಎಂದು ಹೇಳಿ ಈ ಕತೆ ಶುರುಮಾಡಲು ಬರುವುದಿಲ್ಲ. ಅವರು ಅರಿಸಿನದ ವ್ಯಾಪಾರಿ, ಹಣೆಯ ವಿಭೂತಿ ತಪ್ಪಿಸಿದವರಲ್ಲ, ಮಾತು ಮಾತಿಗೆ ವಚನ ಹೇಳುವವರು. ಶಿವಸ್ವಾಮಿಯ ಬೀದಿಯ ಹೆಸರು ಕೇಳಿಯೂ ಮನೆ ಕೊಟ್ಟಿದ್ದರು. ಕೊಟ್ಟದ್ದನ್ನು ಆಗಾಗ ನೆನಪಿಸುತ್ತಲೂ ಇದ್ದರು.

ಹಿತ್ತಲ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಬಚ್ಚಲು. ಅವರಿದ್ದ ಮುಂದಿನ ಮನೆಗೂ ಇದಕ್ಕೂ ಒಂದೇ ತಾರಸಿ, ಒಂದೇ ಕಬ್ಬಿಣದ ಗೇಟು. ಗೇಟಿನ ಚಿಲಕ ಯಾವಾಗಲೂ ಹಾಕಿರಬೇಕು, ಇಲ್ಲದಿದ್ದರೆ ಬೀದಿಯ ದನ ನುಗ್ಗಿ ಹೂವಿನ ಗಿಡ ಮೇಯುತ್ತವೆ ಎಂಬುದು ಮನೆಯ ಮೊದಲ ಕಾನೂನು. ಸೋಮವಾರ ಮಾಂಸ ಬೇಯಿಸಬಾರದು, ಉಳಿದ ದಿನ ಬೇಯಿಸಿದರೆ ಕಿಟಕಿ ಹಾಕಿಕೊಳ್ಳಬೇಕು ಎಂಬುದು ಎರಡನೆಯದು. ನೀರಿನ ಮೋಟಾರು ಅವರು ಹಾಕಿದಾಗ ನೀರು.

ಶಿವಸ್ವಾಮಿ ಬಂಡೀಪುರದ ಅರಣ್ಯ ಚೆಕ್‌ಪೋಸ್ಟಿನಲ್ಲಿ ಗುತ್ತಿಗೆಯ ವಾಚರ್. ಹೆಂಡತಿ ನಾಗಮಣಿ ಊಟಿ ರಸ್ತೆಯ ಹೋಟೆಲೊಂದರಲ್ಲಿ ತರಕಾರಿ ಹೆಚ್ಚಿ, ಚಪಾತಿ ಲಟ್ಟಿಸಿ, ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಮನೆಗೆ ಬರುವವಳು. ಮಗಳು ಮಾನಸ ಎರಡನೇ ಪಿಯುಸಿ. ಶಿವಸ್ವಾಮಿಯ ತಾಯಿ ಚಿಕ್ಕನಿಂಗಮ್ಮನಿಗೆ ವಯಸ್ಸೆಷ್ಟು ಎಂದು ಅವಳಿಗೇ ಗೊತ್ತಿಲ್ಲ. ಗಂಡ ಪುಟ್ಟಮಾದಯ್ಯ ಸತ್ತ ಮೇಲೆ ಉಮ್ಮತ್ತೂರಿನಿಂದ ಕಿರಿಮಗನ ಹಿಂದೆ ಬಂದವಳು.

ಮನೆಯ ಒಡತಿಯನ್ನು ಈ ಮನೆಯ ಮೂವರು ಹೆಂಗಸರು ಮೂರು ಥರ ಕರೆಯುತ್ತಿದ್ದರು. ಚಿಕ್ಕನಿಂಗಮ್ಮನಿಗೆ ಚಂದ್ರಮತಿ 'ಅವ್ವಾರು', ನಾಗಮಣಿಗೆ 'ಅಮ್ಮಾವ್ರು', ಮಾನಸಳಿಗೆ 'ಆಂಟಿ'. ಆದರೆ ಚಂದ್ರಮತಿಗೆ ಬೇಕಾಗಿದ್ದವಳು ಮುದುಕಿಯೊಬ್ಬಳೇ. ಗಂಡ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು, ಮಗಳು ಶಿವಾನಿ ಮೈಸೂರಿನಲ್ಲಿ ಟೀಚರ್. ಮೊಣಕಾಲು ನೋವಿನ ಚಂದ್ರಮತಿ ಮಧ್ಯಾಹ್ನವೆಲ್ಲ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಿಕ್ಕನಿಂಗಮ್ಮ. ನಡುವೆ ಇರಬೇಕಾದಷ್ಟು ದೂರ ಇರುತ್ತಿತ್ತು. ಆ ದೂರದಲ್ಲೇ ಇಬ್ಬರೂ ಅವರೆಕಾಯಿ ಸುಲಿಯುತ್ತ, ಸೊಸೆಯನ್ನೂ ಗಂಡನನ್ನೂ ಸುಲಿಯುತ್ತ ಹೊತ್ತು ಕಳೆಯುತ್ತಿದ್ದರು.

ಅವರಿಬ್ಬರ ನಡುವೆ ಒಂದು ಸ್ಟೀಲ್ ತಟ್ಟೆ ಓಡಾಡುತ್ತಿತ್ತು. ಮುಂದಿನ ಮನೆಯಲ್ಲಿ ಒಬ್ಬಟ್ಟೋ ಚಿತ್ರಾನ್ನವೋ ಮಾಡಿದರೆ ಆ ತಟ್ಟೆಯಲ್ಲಿ ಬರುತ್ತಿತ್ತು. ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕೊಡಬಾರದಲ್ಲ. ಚಿಕ್ಕನಿಂಗಮ್ಮ ಅದನ್ನು ತೊಳೆದು ಒಂದು ನಿಂಬೆಹಣ್ಣನ್ನೋ ಹಿಡಿ ನುಗ್ಗೆಸೊಪ್ಪನ್ನೋ ಎರಡು ವೀಳ್ಯದೆಲೆಯನ್ನೋ ಇಟ್ಟು ಕೊಡುತ್ತಿದ್ದಳು. ಬೇಯಿಸಿದ್ದನ್ನು ಯಾವತ್ತೂ ಇಡಲಿಲ್ಲ. ಅದು ಇಬ್ಬರಿಗೂ ಗೊತ್ತಿದ್ದ ವಿಚಾರ, ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ.

ಸಂಕ್ರಾಂತಿ ಕಳೆದ ಮೇಲೊಂದು ಮಧ್ಯಾಹ್ನ ಹೀಗೇ ಅವರೆಕಾಯಿ ಸುಲಿಯುವಾಗ ಚಿಕ್ಕನಿಂಗಮ್ಮನ ಬಲಗೈಯಿಂದ ಕಾಯಿ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. ಚಂದ್ರಮತಿ ನಗುತ್ತ ಏನೋ ಹೇಳಲು ಹೋದವರು ಅವಳ ಬಾಯಿ ಒಂದು ಕಡೆಗೆ ಎಳೆದುಕೊಂಡದ್ದನ್ನು ನೋಡಿ ಕೂಗಿಕೊಂಡರು. ಹೋಟೆಲಿಗೆ ಫೋನು ಮಾಡಿದವರೂ ಅವರೇ, ಆಟೊ ನಿಲ್ಲಿಸಿದವರೂ ಅವರೇ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮಾಡುವುದನ್ನೆಲ್ಲ ಮಾಡಿ, ವಯಸ್ಸಾಗಿದೆ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಆ ಮಾತಿನ ಅರ್ಥ ಎಲ್ಲರಿಗೂ ಆಯಿತು. ಬಲಭಾಗ ಬಿದ್ದುಹೋಗಿತ್ತು, ಮಾತು ಗಂಜಿಯಂತೆ ಕಲಸಿಹೋಗಿತ್ತು. ಕೋಣೆಯ ಅರ್ಧಕ್ಕೆ ಅವಳ ಚಾಪೆ ಬಂತು. ಮಾನಸ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬೆಳಗ್ಗೆ ಎದ್ದು ಅಜ್ಜಿಯನ್ನು ಮಗ್ಗುಲಾಗಿಸಿ, ಒದ್ದೆ ಬಟ್ಟೆ ತೆಗೆದು ಒಗೆಯುವುದು ಅವಳ ಪಾಲಿನ ಕೆಲಸ. ನೀರು ಜಾಸ್ತಿ ಖರ್ಚಾಗುತ್ತಿದೆ ಎಂದು ಮುಂದಿನ ಮನೆಯ ಕೆಲಸದವಳ ಕೈಲಿ ಹೇಳಿಕಳಿಸಿದರು. ಮೋಟಾರಿಗಿಂತ ಮೊದಲೇ ಎದ್ದು ಬಕೆಟ್ಟು ಸಾಲಿಗಿಟ್ಟು ಕಾಯುವುದನ್ನು ಮಾನಸ ಕಲಿತಳು.

ಗುರುಪಾದಸ್ವಾಮಿ ನೋಡಲು ಬಂದರು. ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ ಇತ್ತು. ಹೊಸಲಿನಾಚೆಯೇ ನಿಂತು ಮುದುಕಿಯ ಕಡೆಗೆ ನೋಡಿ ಕೈಮುಗಿದರು. ಆಮೇಲೆ ಶಿವಸ್ವಾಮಿಯನ್ನು ಗೇಟಿನ ಹತ್ತಿರಕ್ಕೆ ಕರೆದುಕೊಂಡು ಹೋದರು. ಮಗಳ ಮದುವೆ ಗೊತ್ತಾಗಿರುವುದು, ನಂಜನಗೂಡಿನ ಹುಡುಗ, ಬೇಸಿಗೆಯಲ್ಲಿ ಈ ಮನೆಯ ಮುಂದೆಯೇ ಚಪ್ಪರ ಎಂದೆಲ್ಲ ಹೇಳಿ ನಿಧಾನಕ್ಕೆ ವಿಷಯಕ್ಕೆ ಬಂದರು.

"ನೋಡು ಶಿವಸ್ವಾಮಿ, ಸೂತಕ ಗೀತಕ ನಾನು ನಂಬೋನಲ್ಲ. ನಮ್ಮ ಧರ್ಮದಲ್ಲೇ ಅದಿಲ್ಲ. ಆದ್ರೆ ನಕ್ಷತ್ರ ಬೇರೆ ವಿಷಯ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದ್ರೆ ಮನೆ ಬಿಡ್ಬೇಕಾಗುತ್ತೆ. ಒಂದೇ ತಾರಸಿ ಬೇರೆ."

ಹಿಂದೆ ಇದೇ ಹಿತ್ತಲ ಮನೆಯಲ್ಲಿದ್ದ ಬಾಡಿಗೆದಾರರ ತಂದೆ ಅಂಥ ನಕ್ಷತ್ರದಲ್ಲಿ ಹೋಗಿಬಿಟ್ಟು, ಬಾಗಿಲಿಗೆ ಮುಳ್ಳು ಹಾಕಿ ತಿಂಗಳುಗಟ್ಟಲೆ ಎಲ್ಲರೂ ಬೇರೆ ಕಡೆ ಇದ್ದದ್ದನ್ನು ವಿವರಿಸಿದರು. ಆ ಮುಳ್ಳು ಇನ್ನೂ ಚುಚ್ಚುತ್ತಿದೆ ಎಂಬಂತೆ ಅಂಗೈ ಉಜ್ಜಿಕೊಂಡರು.

"ಊರಲ್ಲಿ ನಿಮ್ಮಣ್ಣ ಇದ್ದಾನಲ್ಲಪ್ಪ. ತನ್ನ ಊರಲ್ಲೇ ಹೋದ್ರೆ ಆ ಜೀವಕ್ಕೂ ಸಮಾಧಾನ. ಬಲವಂತ ಇಲ್ಲ. ಯೋಚನೆ ಮಾಡು."

ಬಲವಂತ ಇಲ್ಲ ಎಂದ ಮೇಲೆ ಶಿವಸ್ವಾಮಿ ತಲೆ ಆಡಿಸಿದ. ಆಗಲಿ ಸಾ ಎಂದ.

ಅವತ್ತು ಮುದ್ದೆ ತಿರುವುತ್ತಿದ್ದ ನಾಗಮಣಿ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಗಂಡನ ಕಡೆ ತಿರುಗಿದಳು.

"ಅವ್ರು ಏಳುದ್ರು, ನೀನು ತಲೆ ಆಡಿಸ್ಕಂಡು ಬಂದ್ಬುಟ್ಟೆ."

"ಇನ್ನೇನ್ ಮಾಡ್ಲಿ? ಅವ್ರ ಮನೆ ಕನ."

"ಬಾಡ್ಗೆ ಇಸ್ಕತ್ತಾರಲ್ಲ. ಪುಕ್ಸಟ್ಟೆ ಮಡಗವ್ರಾ?"

"ಬುಟ್ಟೋಗಿ ಅಂದ್ರೆ ಎಲ್ಲಿಗೋಯ್ತೀಯೆ? ಈ ಮನೆ ಸಿಕ್ದಾಗ ಎಷ್ಟು ಬಾಗ್ಲು ತಟ್ಟಿದ್ದೆ ಅಂತ ನಂಗೊಬ್ಬುಂಗೇ ಗೊತ್ತು."

"ಅಂಗಂತ ಅಜ್ಜೀನ ಜೀವ ಇರೋವಾಗ್ಲೇ ಎತ್ತಾಕಂಡು ಓಗದಾ?" ಎಂದು ಮಾನಸ ಅಡುಗೆಮನೆಯ ಮೂಲೆಯಿಂದ ಕೇಳಿದಳು.

ನೀನು ಓದ್ಕೊ ಎಂದು ಶಿವಸ್ವಾಮಿ ಗದರಿದ. ಯಾರೂ ಸರಿಯಾಗಿ ಉಣ್ಣಲಿಲ್ಲ. ಚಾಪೆಯ ಮೇಲಿದ್ದ ಮುದುಕಿಗೆ ಕೈಕಾಲು ಬಿದ್ದಿತ್ತೇ ಹೊರತು ಕಿವಿ ಬಿದ್ದಿರಲಿಲ್ಲ. ಅದು ಯಾರ ತಲೆಗೂ ಹೊಳೆಯಲಿಲ್ಲ.

ಮುಂದಿನ ವಾರವೆಲ್ಲ ನಾಗಮಣಿ ಮನೆ ಹುಡುಕಿದಳು. ಬ್ರೋಕರ್ ಹುಚ್ಚಯ್ಯ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಸ ಬಡಾವಣೆ, ಹಳೇ ಪೇಟೆ ಎಲ್ಲ ತೋರಿಸಿದ. ಈ ಸಲ ಪ್ರಶ್ನೆ ಒಂದು ಹೆಚ್ಚಾಗಿತ್ತು. ಊರು, ಬೀದಿ, ಮನೆದೇವರು ಆದ ಮೇಲೆ, ಮನೆಯಲ್ಲಿ ವಯಸ್ಸಾದವರು ಇದ್ದಾರಾ ಎಂದು ಕೇಳುತ್ತಿದ್ದರು. ಇದ್ದಾರೆ, ಮಲಗಿದ್ದಾರೆ ಎಂದು ನಾಗಮಣಿ ಸತ್ಯ ಹೇಳುತ್ತಿದ್ದಳು. ಹುಚ್ಚಯ್ಯನಿಗೆ ತಾಳ್ಮೆ ಕೆಟ್ಟಿತು. ಇಲ್ಲ ಅಂತ ಹೇಳಮ್ಮ, ಸಾಮಾನು ಇಳಿಸುವಾಗ ಅವರನ್ನೂ ಇಳಿಸಿಕೊಂಡರಾಯಿತು ಎಂದ. ಅವಳು ಅದಕ್ಕೆ ಒಪ್ಪಲಿಲ್ಲ. ಸುಳ್ಳು ಹೇಳಿ ಹೋದ ಮನೆಯಲ್ಲಿ ಅತ್ತೆಯನ್ನು ಬೀರುವಿನ ಹಿಂದೆ ಬಚ್ಚಿಟ್ಟುಕೊಂಡು ಇರಲಾಗುತ್ತದೆಯೇ?

ಕಡೆಗೆ ಒಂದು ಓಮ್ನಿ ವ್ಯಾನು ಬಂತು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿ ಚಿಕ್ಕನಿಂಗಮ್ಮನನ್ನು ಮಲಗಿಸಿದರು. ಚಂದ್ರಮತಿ ಹಿತ್ತಲ ಬಾಗಿಲಿಗೆ ಬರಲಿಲ್ಲ. ಮೊಣಕಾಲು ನೋವು ಜಾಸ್ತಿಯಾಗಿ ಮಲಗಿದ್ದಾರೆ ಎಂದು ಕೆಲಸದವಳು ಹೇಳಿದಳು. ವ್ಯಾನು ಹೊರಟ ಮೇಲೆ ಗೇಟಿನ ಚಿಲಕ ಹಾಕಿದವಳು ಮಾನಸ. ಪರೀಕ್ಷೆ ಎಂದು ಅವಳನ್ನು ಬಿಟ್ಟುಹೋಗಿದ್ದರು. ಖಾಲಿಯಾದ ಕೋಣೆಯಲ್ಲಿ ಕಾಲು ಚಾಚಿ ಓದಲು ಕೂತಳು, ಒಂದು ಹಾಳೆಯೂ ತಲೆಗೆ ಹತ್ತಲಿಲ್ಲ.

ಉಮ್ಮತ್ತೂರಿನಲ್ಲಿ ಹಿರಿಮಗ ಪುಟ್ಟರಾಜುವಿನದು ಸರ್ಕಾರ ಕಟ್ಟಿಸಿಕೊಟ್ಟ ಒಂದೇ ಕೋಣೆಯ ಮನೆ. ಅದರಲ್ಲಿ ಅವನ ಸಂಸಾರವೇ ತುಂಬಿ ತುಳುಕುತ್ತಿತ್ತು. ತಾಯಿಗೆ ಜಗಲಿಯ ಮೇಲೆ ಟಾರ್ಪಾಲು ಕಟ್ಟಿ ಜಾಗ ಮಾಡಿದ. ಬೀದಿಯವರೆಲ್ಲ ಬಂದು ನೋಡಿ, ಬಾಯಿಗೆ ಒಂದೊಂದು ಚಮಚ ಹಾಲು ಬಿಟ್ಟು, ಇವತ್ತೋ ನಾಳೆಯೋ ಎಂದು ಮಾತಾಡಿಕೊಂಡು ಹೋದರು. ಒಂದು ವಾರ ಕಳೆಯಿತು, ಎರಡು ಕಳೆಯಿತು. ಮುದುಕಿ ಸಾಯಲಿಲ್ಲ. ನೋಡಲು ಬರುವವರು ನಿಂತರು. ಪುಟ್ಟರಾಜು ಮತ್ತು ಅವನ ಹೆಂಡತಿ ಕೂಲಿಗೆ ಹೋಗದೆ ಎಷ್ಟು ದಿನ ಕೂರುತ್ತಾರೆ? ಅವರೂ ಹೊರಟರು. ಹಗಲೆಲ್ಲ ಜಗಲಿಯಲ್ಲಿ ಚಿಕ್ಕನಿಂಗಮ್ಮ, ತಲೆಯ ಹತ್ತಿರ ಒಂದು ಚೊಂಬು ನೀರು, ಪಕ್ಕದ ಮನೆಯ ಕೋಳಿಗಳು. ಎಲ್ಲರೂ ಕಾದರೂ ಸಾಯದೇ ಉಳಿದುದಕ್ಕೆ ಅವಳಿಗೇ ನಾಚಿಕೆಯಾಗತೊಡಗಿತು.

ನಾಗಮಣಿ ಭಾನುವಾರ ಹೋಟೆಲಿಗೆ ರಜೆ ಹಾಕಿ ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಅತ್ತೆಗೆ ತಲೆಗೆ ನೀರು ಹಾಕಿ, ಕಾಲು ಸೂಪು ಕುಡಿಸಿ, ಬಿದ್ದ ಕೈಗೆ ಎಣ್ಣೆ ಉಜ್ಜಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅತ್ತೆ ಸೊಸೆಯರು ಅಂಥ ಪ್ರೀತಿಯಿಂದ ಬಾಳಿದವರೇನಲ್ಲ. ಉಪ್ಪು ಹೆಚ್ಚು ಕಮ್ಮಿಗೆಲ್ಲ ಜಗಳವಾಡಿದವರೇ. ಆದರೆ ಜಗಳವಾಡುತ್ತಿದ್ದ ಬಾಯಿ ಹೀಗೆ ಕೋಳಿಗಳ ನಡುವೆ ಸುಮ್ಮನೆ ಬಿದ್ದಿರುವುದನ್ನು ನೋಡಿದರೆ ನಾಗಮಣಿ ಕೋಳಿಗಳನ್ನು ಅಟ್ಟಿ ಇನ್ನೊಂದು ಸಲ ಎಣ್ಣೆ ಉಜ್ಜಲು ಕೂರುತ್ತಿದ್ದಳು.

ಶಿವರಾತ್ರಿಯ ಹೊತ್ತಿಗೆ ಮುದುಕಿ ಎದ್ದು ಕೂತಳು. ಆಮೇಲೆ ಗೋಡೆ ಹಿಡಿದಳು. ಯುಗಾದಿಗೆ ಒಂದು ಕೋಲು ಊರಿಕೊಂಡು, ಬಲಗಾಲು ಎಳೆದುಕೊಂಡು ಬೀದಿಯ ನಲ್ಲಿಯವರೆಗೆ ಹೋಗಿಬಂದಳು. ಮಾತು ಅರ್ಧ ತಿಳಿಯುವಂತಾಯಿತು. ತಿಳಿದ ಮೊದಲ ಮಾತೇ ಮನೆಗೆ ಕರೆದುಕೊಂಡು ಹೋಗು ಎಂಬುದು.

"ಅವ್ರು ಸೇರ್ಸಲ್ಲ ಕನತ್ತೆ."

"ಯಾಕ್ ಸೇರ್ಸಲ್ಲ? ನಾನು ಅಲ್ಲಿ ಸಾಯ್ತೀನಿ ಅಂತ ತಾನೆ? ನನ್ನ ಕರ್ಕಂಡೋಗು, ನಾನು ಮಾತಾಡ್ತೀನಿ."

ಅವತ್ತಿನ ಮಾತನ್ನೆಲ್ಲ ಅತ್ತೆ ಕೇಳಿಸಿಕೊಂಡಿದ್ದಳು ಎಂದು ನಾಗಮಣಿಗೆ ಆಗ ಗೊತ್ತಾಯಿತು. ತಲೆ ತಗ್ಗಿಸಿಕೊಂಡು ಅತ್ತೆಯ ಬಟ್ಟೆ ಗಂಟು ಕಟ್ಟಿದಳು.

ಗುಂಡ್ಲುಪೇಟೆಯಲ್ಲಿ ಗುರುಪಾದಸ್ವಾಮಿ ತಮ್ಮ ಮನೆಯ ಜಗಲಿಯ ಮೇಲೆ ಕೂತು ಲಗ್ನಪತ್ರಿಕೆಗಳಿಗೆ ಅರಿಸಿನ ಹಚ್ಚುತ್ತಿದ್ದರು. ಆಟೊದಿಂದ ಇಳಿದ ಚಿಕ್ಕನಿಂಗಮ್ಮ ಮಗನ ಕೈಬಿಡಿಸಿಕೊಂಡು, ಕೋಲೂರಿಕೊಂಡು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಶಿವಸ್ವಾಮಿ ನೆಲ ನೋಡುತ್ತಿದ್ದ. ಬಾಗಿಲ ಹಿಂದೆ ಚಂದ್ರಮತಿಯವರ ಸೀರೆಯ ಅಂಚು ಕಾಣುತ್ತಿತ್ತು.

"ಬುದ್ಧಿ, ನಾನು ಮಾತು ಕೊಡ್ತೀನಿ," ಎಂದಳು ಮುದುಕಿ. ಒಂದೊಂದು ಶಬ್ದವನ್ನೂ ಎತ್ತಿ ಎತ್ತಿ ಇಡಬೇಕಾಗಿತ್ತು. "ನಿಮ್ಮನೇಲಿ ನಾ ಸಾಯಲ್ಲ. ಜೀವ ಓಯ್ತದೆ ಅಂತ ಗೊತ್ತಾದೇಟ್ಗೆ ಎದ್ದು ಗೇಟಿಂದ ಆಚೀಕೋಯ್ತೀನಿ. ನಿಮ್ ಮಗೀನ ಮದ್ವೆಗೆ ನನ್ನಿಂದ ತೊಂದ್ರೆ ಆಗಲ್ಲ. ಅಲ್ಲೀಗಂಟ ಮೊಮ್ಮಗಳ ಜತೆ ಇರ್ತೀನಿ."

ಗುರುಪಾದಸ್ವಾಮಿಗೆ ಮುಜುಗರವಾಯಿತು. ಅಯ್ಯೋ, ಇದೆಲ್ಲ ಎಂಥ ಮಾತು, ಹುಷಾರಾಗಿದ್ದೀಯಲ್ಲ, ನೂರು ವರ್ಷ ಇರು ಎಂದರು. ಹಾಗೆ ಮಾಡುವುದು ಬೇಡ ಎಂದು ಮಾತ್ರ ಅನ್ನಲಿಲ್ಲ. ಸೀರೆಯ ಅಂಚೂ ಏನೂ ಹೇಳದೆ ಒಳಗೆ ಹೋಯಿತು. ಶಿವಸ್ವಾಮಿ ಅದನ್ನು ಒಪ್ಪಿಗೆ ಎಂದುಕೊಂಡು ತಾಯಿಯ ಗಂಟು ಎತ್ತಿಕೊಂಡ.

ಮನೆಗೆ ಬಂದದ್ದೇನೋ ಆಯಿತು. ಆದರೆ ಹಿಂದಿನ ಮಧ್ಯಾಹ್ನಗಳು ವಾಪಸು ಬರಲಿಲ್ಲ. ಮದುವೆಯ ಕೆಲಸ ಎಂದು ಚಂದ್ರಮತಿ ಹಿತ್ತಲಿಗೆ ಕುರ್ಚಿ ತರುವುದನ್ನು ಬಿಟ್ಟಿದ್ದರು. ಚಿಕ್ಕನಿಂಗಮ್ಮ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತು, ಮುಚ್ಚಿದ ಬಾಗಿಲ ಕಡೆಗೆ ನೋಡುತ್ತ ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಒಳಗಿನಿಂದ ನೆಂಟರ ನಗು ಕೇಳುತ್ತಿತ್ತು. ಸ್ಟೀಲ್ ತಟ್ಟೆಯೂ ಬರಲಿಲ್ಲ. ಮಾನಸ ಪರೀಕ್ಷೆ ಮುಗಿಸಿ ಬಜಾರಿನ ಬಟ್ಟೆ ಅಂಗಡಿಗೆ ರಜೆಯ ಕೆಲಸಕ್ಕೆ ಸೇರಿಕೊಂಡಳು. ಮೊಮ್ಮಗಳ ಜೊತೆ ಇರುತ್ತೇನೆ ಎಂದು ಬಂದ ಮುದುಕಿಗೆ ಮೊಮ್ಮಗಳು ಸಿಗುತ್ತಿದ್ದುದು ಕಣ್ಣೆಳೆಯುವ ಹೊತ್ತಿನಲ್ಲಿ ಮಾತ್ರ.

ಕೊಟ್ಟ ಮಾತು ಬರೀ ಬಾಯಿಮಾತಲ್ಲ ಎಂದು ಮನೆಯವರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಬೆಳಗ್ಗೆ ಶಿವಸ್ವಾಮಿ ಬೈಕು ತೆಗೆಯಲು ಗೇಟು ತೆರೆದಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ತಾಯಿ ಇಲ್ಲ. ನೋಡಿದರೆ ಆಚೆ, ಮೋರಿಯ ಮೇಲಿನ ಚಪ್ಪಡಿ ಕಲ್ಲಿನ ಮೇಲೆ, ಹೊಂಗೆಮರಕ್ಕೆ ಒರಗಿ ಕೂತಿದ್ದಾಳೆ. ಎದೆ ಹಿಡಿದುಕೊಂಡಿತು, ಅದಕ್ಕೆ ಬಂದೆ ಎಂದಳು. ಇನ್ನೊಂದು ದಿನ ಕೆಮ್ಮು ಜೋರಾಯಿತೆಂದು ಹೊರಟಳು. ಊಟಕ್ಕೆ ಕೂತಾಗ ಅನ್ನ ನೆತ್ತಿಗೇರಿದರೆ ತಟ್ಟೆ ತಳ್ಳಿ ಕೋಲಿಗೆ ಕೈಹಾಕುತ್ತಿದ್ದಳು. ಬೀದಿಯವರು ಏನಜ್ಜಿ ಗಾಳಿಗೆ ಬಂದ್ಯಾ ಎಂದು ಮಾತಾಡಿಸುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು.

ಮಾನಸ ಅವಳ ಕೋಲು ಕಿತ್ತುಕೊಂಡು ಜಗಳಕ್ಕೇ ನಿಂತಳು.

"ಇದೇನ್ ನಿಂದು ಅಜ್ಜಿ? ಅವ್ರೇನು ಬರೆಸ್ಕಂಡಿದ್ದಾರಾ?"

"ಬರ್ಸ್ಕಳದೆ ಇದ್ರೆ ಮಾತಲ್ವಾ ಕಣಮ್ಮಿ?"

"ಸಾಯೋದಾದ್ರೆ ಇಲ್ಲೇ ಸಾಯಿ. ಏನ್ ಮಾಡ್ತಾರೋ ನಾನು ನೋಡ್ತೀನಿ."

"ನಿಮ್ಮನ್ನ ಬೀದೀಗಾಕ್ತರೆ. ಇನ್ನೇನ್ ಮಾಡ್ತರೆ? ನಾನು ಓದ್ಮೇಲೆ ನೀವು ಇರಬ್ಯಾಡ್ವಾ?"

ಮಾನಸ ಅಳು ತಡೆದುಕೊಂಡು ಕೋಲು ವಾಪಸು ಕೊಟ್ಟಳು. ಅದಾದ ಮೇಲೆ ನಾಗಮಣಿ ಒಂದು ಉಪಾಯ ಮಾಡಿದಳು. ಗೇಟಿನ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು, ಒಂದು ಕೈಯಲ್ಲಿ ಗೇಟನ್ನು ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ಎಳೆದರೆ ಮಾತ್ರ ಬರುವಂಥದು. ಶಿವಸ್ವಾಮಿ ಎಣ್ಣೆ ಹಾಕಲು ಹೋದಾಗ ಬೇಡ ಎಂದಳು. ಮೂವರೂ ಕೆಲಸಕ್ಕೆ ಹೋಗುವಾಗ ಚಿಲಕವನ್ನು ತಳದವರೆಗೂ ಜಡಿದು ಹೋಗುತ್ತಿದ್ದರು. ಒಂದೇ ಕೈ ಉಳಿದ ಮುದುಕಿ ಅದನ್ನು ತೆಗೆಯಲಾರಳು. ದನ ಬರಬಾರದೆಂದು ಇದ್ದ ಚಿಲಕ ಈಗ ಅತ್ತೆ ಹೋಗಬಾರದೆಂದು ಬಿತ್ತು. ಮನೆಯೊಳಗೇ ಆಗುವುದಾದರೆ ಆಗಲಿ, ಆಮೇಲಿನದು ಆಮೇಲೆ ಎಂದು ನಾಗಮಣಿ ಗಟ್ಟಿಮನಸ್ಸು ಮಾಡಿಕೊಂಡಿದ್ದಳು. ಗಂಡನಿಗೂ ಅದನ್ನು ಹೇಳಿರಲಿಲ್ಲ.

ಮದುವೆಗೆ ಒಂದು ವಾರ ಇತ್ತು. ಚಪ್ಪರದ ಕಂಬಗಳು ಬಂದು ಗೇಟಿನ ಪಕ್ಕ ಬಿದ್ದಿದ್ದವು. ಬೇಸಿಗೆಯಾದ್ದರಿಂದ ಊಟಿಗೆ ಹೋಗುವ ಕಾರುಗಳು ಹೋಟೆಲಿನ ಮುಂದೆ ಸಾಲುಗಟ್ಟಿ, ನಾಗಮಣಿಗೆ ಬಿಡುವು ಸಿಗುವಾಗ ಮಾಮೂಲಿಗಿಂತ ತಡವಾಯಿತು. ಅತ್ತೆಗೆಂದು ಸಾರು ಕಟ್ಟಿಸಿಕೊಂಡು ಬೀದಿಯ ತಿರುವಿಗೆ ಬಂದವಳಿಗೆ ಹೊಂಗೆಮರದ ಕೆಳಗೆ ನಾಲ್ಕು ಜನ ನಿಂತಿರುವುದು ಕಂಡಿತು. ಅವಳಿಗೆ ಅಲ್ಲೇ ಗೊತ್ತಾಯಿತು. ಓಡಲಿಲ್ಲ. ಓಡಿ ಏನು ಪ್ರಯೋಜನ?

ಚಿಕ್ಕನಿಂಗಮ್ಮ ಚಪ್ಪಡಿಯ ಮೇಲೆ ಮರಕ್ಕೆ ಒರಗಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಮೈ ಇನ್ನೂ ಬೆಚ್ಚಗಿತ್ತು, ಅದು ಜೀವದ ಬಿಸಿಯೋ ಬಿಸಿಲಿನ ಬಿಸಿಯೋ ತಿಳಿಯಲಿಲ್ಲ. ನಾಗಮಣಿ ಸಾರಿನ ಡಬ್ಬಿಯನ್ನು ಪಕ್ಕಕ್ಕಿಟ್ಟು ಅವಳ ಕಾಲ ಬಳಿ ಕೂತುಬಿಟ್ಟಳು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಗುರುಪಾದಸ್ವಾಮಿ ಅಂಗಡಿಯಿಂದ ಬಂದು ತಾವೇ ವ್ಯಾನು ತರಿಸಿದರು, ದುಡ್ಡನ್ನೂ ತಾವೇ ಕೊಟ್ಟರು. ಮಾನಸ ಬಂದವಳು, ಅಜ್ಜಿಯನ್ನು ಒಂದು ಗಳಿಗೆ ಒಳಗೆ ಮಲಗಿಸೋಣ, ಒಂದು ತೊಟ್ಟು ನೀರಾದರೂ ಮನೆಯಲ್ಲಿ ಬಿಡೋಣ ಎಂದು ಅಪ್ಪನ ಅಂಗಿ ಹಿಡಿದು ಜಗ್ಗಿದಳು. ಶಿವಸ್ವಾಮಿ ಗೇಟಿನ ಕಡೆಗೆ ನೋಡಿದ. ಗೇಟು ಹಾಕಿತ್ತು. ಅವನು ಚೆಕ್‌ಪೋಸ್ಟಿನಲ್ಲಿ ದಿನವೂ ಲಾರಿಗಳಿಗೆ ಗೇಟು ಎತ್ತುವವನು. ಈ ಗೇಟಿಗೆ ಕೈ ಎತ್ತಲು ಅವನಿಂದ ಆಗಲಿಲ್ಲ. ಬ್ಯಾಡ ಬುಡು ಕೂಸು ಎಂದು ಮಗಳನ್ನು ತಬ್ಬಿಕೊಂಡು ಬೀದಿಯಲ್ಲೇ ಅತ್ತ. ಚಪ್ಪಡಿಯ ಮೇಲಿಂದಲೇ ಎತ್ತಿ ವ್ಯಾನಿನಲ್ಲಿ ಮಲಗಿಸಿದರು.

ವ್ಯಾನು ಹೊರಡುವ ಮುಂಚೆ ಗುರುಪಾದಸ್ವಾಮಿ ಹತ್ತಿರ ಬಂದು ಶಿವಸ್ವಾಮಿಯ ಭುಜ ಮುಟ್ಟಿದರು. ಅವರ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು.

"ನಿಮ್ಮಮ್ಮ ಮಾತು ಉಳಿಸ್ಕೊಂಡ್ರು ಕಣಯ್ಯ. ಪಂಚಾಂಗ ನೋಡ್ದೆ. ನಕ್ಷತ್ರಾನೂ ಚೆನ್ನಾಗೇ ಇತ್ತು. ಒಳಗೇ ಹೋಗಿದ್ರೂ ಏನೂ ಆಗ್ತಿರ್ಲಿಲ್ಲ."

ಅದನ್ನು ಸಮಾಧಾನಕ್ಕೆಂದೇ ಹೇಳಿದ್ದರು.

ಉಮ್ಮತ್ತೂರಿನಲ್ಲಿ ಮಣ್ಣು ಮಾಡಿ, ತಿಥಿ ಮುಗಿಸಿ ಬರುವ ಹೊತ್ತಿಗೆ ಇಲ್ಲಿ ಮದುವೆಯೂ ಮುಗಿದಿತ್ತು. ಚಪ್ಪರ ಬಿಚ್ಚಿದ್ದರು, ಬಾಳೆಕಂಬ ಒಣಗಿ ಗೇಟಿಗೆ ಒರಗಿತ್ತು. ಬ್ರೋಕರ್ ಹುಚ್ಚಯ್ಯ ಸುದ್ದಿ ತಿಳಿದು ಫೋನು ಮಾಡಿ ದುಃಖ ಹೇಳಿಕೊಂಡ. ಇನ್ನು ಯಾವ ಮನೆ ಬೇಕಾದರೂ ಸುಲಭವಾಗಿ ಸಿಗುತ್ತದೆ ಎಂದೂ ಸೇರಿಸಿದ. ಶಿವಸ್ವಾಮಿ ನೋಡೋಣ ಎಂದ. ಈ ಮನೆಯಿಂದ ಹೋಗುವುದೂ ಇಲ್ಲಿ ಇರುವುದೂ ಅವನಿಗೆ ಒಂದೇ ಆಗಿತ್ತು. ಮೂವರೂ ಹೊತ್ತು ಹೊತ್ತಿಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು, ಬಂದು ಉಣ್ಣುತ್ತಿದ್ದರು. ಕೋಣೆಯಲ್ಲಿ ಈಗ ಬೇಕಾದಷ್ಟು ಜಾಗ ಇತ್ತು. ಮಾನಸ ಮಾತ್ರ ಅಡುಗೆಮನೆಯ ಮೂಲೆಯಲ್ಲೇ ಮಲಗುತ್ತಿದ್ದಳು.

ನಾಗಮಣಿಗೆ ಒಂದು ವಿಷಯ ತಲೆ ತಿನ್ನುತ್ತಿತ್ತು. ಅವತ್ತು ಬೆಳಗ್ಗೆ ಚಿಲಕ ಜಡಿದವಳು ಅವಳೇ. ಸಾಲದೆಂದು ಕಾಲಲ್ಲಿ ಒದ್ದು ತಳದವರೆಗೆ ಕೂರಿಸಿದ್ದಳು. ಎರಡೂ ಕೈ ಗಟ್ಟಿಯಿರುವ ತನಗೇ ಕಷ್ಟವಾಗುವ ಚಿಲಕವನ್ನು ಅತ್ತೆ ಹೇಗೆ ತೆಗೆದಳು? ತೆಗೆದವಳು ಆಚೆ ಹೋಗಿ ಮತ್ತೆ ಹೇಗೆ ಹಾಕಿದಳು?

ಒಂದು ಸಂಜೆ ಹಿತ್ತಲ ಬಾಗಿಲು ತೆರೆಯಿತು. ಚಂದ್ರಮತಿ ಮೊಣಕಾಲು ಹಿಡಿದುಕೊಂಡು ಹೊರಗೆ ಬಂದರು. ಕೈಯಲ್ಲಿ ಆ ಸ್ಟೀಲ್ ತಟ್ಟೆ, ಅದರಲ್ಲಿ ಮದುವೆಯ ಲಾಡು, ಕೊಬ್ಬರಿ ಮಿಠಾಯಿ. ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ಉಜ್ಜುತ್ತಿದ್ದ ನಾಗಮಣಿ ಕೈತೊಳೆದು ತಟ್ಟೆ ಇಸಿದುಕೊಂಡಳು. ಚಂದ್ರಮತಿ ಹೋಗಲಿಲ್ಲ. ಅಲ್ಲೇ ನಿಂತು, ಖಾಲಿ ಕಲ್ಲನ್ನು ನೋಡುತ್ತ ಹೇಳಿದರು.

"ಚಿಲಕ ತೆಗೆದವಳು ನಾನೇ ಕಣವ್ವ."

ನಾಗಮಣಿ ತಿರುಗಿ ಗೇಟಿನ ಕಡೆ ನೋಡಿದಳು.

"ಕಿಟಕಿಯಿಂದ ನೋಡ್ದೆ. ಬೆವೆತು ನೀರಾಗಿದ್ಲು, ಗೇಟು ಹಿಡ್ಕೊಂಡು ಅಲ್ಲಾಡಿಸ್ತಿದ್ಲು. ಬಂದೆ. 'ತೆಗ್ದುಬುಡಿ ಅವ್ವಾರೆ, ಹೊತ್ತಾಯ್ತು' ಅಂದ್ಲು. ಒಳಗೆ ಬಾ ಚಿಕ್ಕನಿಂಗಿ, ಏನಾದ್ರೂ ಆಗ್ಲಿ, ನನ್ನ ಬಾಗ್ಲಲ್ಲೇ ಕೂತ್ಕೋ ಅನ್ಬೇಕಿತ್ತು. ನಾಲಿಗೆ ತುದೀಲಿತ್ತು. ಚಪ್ಪರದ ಕಂಬ ಕಣ್ಣೆದುರಿಗೇ ಬಿದ್ದಿತ್ತು, ಬರ್ಲಿಲ್ಲ ಮಾತು."

ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು.

"ತೆಗ್ದೆ. ಆಚೆ ಹೋಗಿ ಕೂತ್ಕೊಂಡು ನನ್ನ ಕಡೆ ನೋಡಿ, 'ನೀವು ಒಳೀಕೋಗಿ ಅವ್ವಾರೆ, ಬಿಸ್ಲು' ಅಂದ್ಲು. ನಾನು ಒಳಗೆ ಬಂದೆ ನಾಗಮಣಿ. ಬರೋವಾಗ ಚಿಲಕ ಹಾಕ್ಕೊಂಡೇ ಬಂದೆ. ದನ ನುಗ್ಗುತ್ತಲ್ಲ ಅಂತ, ಕೈ ತಾನೇ ಹಾಕ್ತು."

ನಾಗಮಣಿಗೆ ಬೈಯಬೇಕೆನಿಸಿತು. ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ಈ ಹೆಂಗಸನ್ನು ಬಿಟ್ಟರೆ ಅತ್ತೆಯ ಕೊನೆಯ ಮಾತು ಕೇಳಿದವರು ಪ್ರಪಂಚದಲ್ಲಿ ಯಾರೂ ಇಲ್ಲ. ಯಾವುದನ್ನೂ ಮಾಡಲಾಗದೆ ಲಾಡು, ಮಿಠಾಯಿಗಳನ್ನು ಒಳಗೆ ಬೇರೆ ಪಾತ್ರೆಗೆ ಸುರಿದು ಬಂದು, ಬೂದಿ ಹಾಕಿ ತಟ್ಟೆಯನ್ನು ಉಜ್ಜಿದಳು, ಬೆಳ್ಳಗಾದ ಮೇಲೂ ಉಜ್ಜಿದಳು. ಒರೆಸಲು ಅಡುಗೆಮನೆಗೆ ಹೋದಾಗ ಬುಟ್ಟಿಯಲ್ಲಿ ನಿಂಬೆಹಣ್ಣಿತ್ತು. ಗೂಡಿನಲ್ಲಿ ಅತ್ತೆಯ ಎಲೆಯಡಿಕೆ ಚೀಲ ಹಾಗೇ ಇತ್ತು.

ಅವಳು ಏನನ್ನೂ ಇಡಲಿಲ್ಲ. ಬರಿಯ ತಟ್ಟೆಯನ್ನು ತಂದು ನೀಡಿದಳು.

ಚಂದ್ರಮತಿ ತಟ್ಟೆಯನ್ನು ನೋಡಿದರು. ಎರಡೂ ಕೈ ಚಾಚಿ ತೆಗೆದುಕೊಂಡರು.

"ಬಾಡ್ಗೆ ಒಂದ್ನೇ ತಾರೀಕು ಕೊಡ್ತೀವಿ ಅಮ್ಮಾವ್ರೆ," ಎಂದು ಹೇಳಿ ನಾಗಮಣಿ ಒಳಗೆ ಬಂದಳು.